ಗಾಳಿ ಕದ್ದ ಆರೋಪ ಹೊತ್ತ ಸಣ್ಣಸ್ವಾಮಿ

ಹಾರಂಗಿ ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸಣ್ಣಸ್ವಾಮಿ ಗಾಳಿಯಂತ್ರದ ಏಣಿ ಹತ್ತಿ, ಚಕ್ರದ ಮರದ ರೆಕ್ಕೆಗಳನ್ನು ಒಂದೊಂದಾಗಿ ಅಂಗೈಯಿಂದ ಸವರುತ್ತಾರೆ. ಒಂದರ ಮೇಲೆ ಕೈ ನಿಲ್ಲುತ್ತದೆ. ಅದರ ಓರೆ ಮತ್ತೆ ತಪ್ಪಿದೆ, ಬುಡದ ಬೋಲ್ಟ್ ಸಡಿಲವಾಗಿದೆ. ಯಾರೋ ಹತ್ತಿದ್ದಾರೆ. ಸಣ್ಣಸ್ವಾಮಿಯ ಕಣ್ಣು ನೆಟ್ಟಗೆ ಕೆಳಗಿನ ಕಣದ ಕಡೆ ಹೋಗುತ್ತದೆ.

ಕುಶಾಲನಗರದ ಈ ತೋಟಕ್ಕೆ ಹೊಳೆಯ ನೀರೆತ್ತುವುದು ಇದೊಂದೇ ಯಂತ್ರ. ಕೊಡಗು ರಾಜ್ಯದ ಮೊದಲ ಚುನಾವಣೆಯ ಸುಣ್ಣದ ಬರಹ ಅದರ ಕಟ್ಟೆಯ ಮೇಲೆ ಇನ್ನೂ ಮಾಸಿಲ್ಲ. ಹಾಸನದ ಕಡೆಯಿಂದ ಬಂದ ಸಣ್ಣಸ್ವಾಮಿ ರೆಕ್ಕೆ ಕೆತ್ತುವುದು, ಕೂರಿಸುವುದು, ಎಣ್ಣೆ ಬಿಡುವುದು ಎಲ್ಲ ಒಬ್ಬರೇ. ನೀರು ಬಂದಾಗ ಅವರನ್ನು ಯಾರೂ ನೆನೆಯುವುದಿಲ್ಲ.

"ಗಾಳಿ ರೆಕ್ಕೇನ ಬರೀ ಹಿಂದಕ್ಕೆ ತಳ್ಳಲ್ಲ ಸ್ವಾಮಿ. ಹದವಾಗಿ ಓರೆ ಕೊಟ್ರೆ ಪಕ್ಕಕ್ಕೆ ಎಳ್ಕೊಂಡ್ ಹೋಗುತ್ತೆ, ಅದಕ್ಕೇ ಚಕ್ರ ತಿರುಗೋದು. ಓರೆ ಹೆಚ್ಚಾಯ್ತೋ, ಎಳೆತ ಸತ್ತು ಬರೀ ನಡುಕ. ಬುಡ ಸಡಿಲಾದ್ರೆ ಗಾಳಿ ರೆಕ್ಕೇನೇ ತಿರುಚಿ ಮುರೀತದೆ," ಎನ್ನುತ್ತಾರೆ ಸಣ್ಣಸ್ವಾಮಿ, ಕೇಳಿದವರಿಗೆ.

ಮುರಿದರೆ ಬೀಳುವುದು ಕಣದ ಮೇಲೆ. ಹಾಗಾದ ದಿನವೇ ಎಣ್ಣೆ ಎಂಜಿನ್ ತರಿಸುತ್ತೇನೆ ಎಂದು ತೋಟದ ಮಾಲೀಕರು ಹೇಳಿಯಾಗಿದೆ. ಆಮೇಲೆ ಸಣ್ಣಸ್ವಾಮಿಗೆ ಇಲ್ಲಿ ಕೆಲಸವಿಲ್ಲ.

ಕಣ ಪುಟ್ಟರಾಜು ಎಂಬ ರೈತನದು. ಈ ಸುಗ್ಗಿಯಲ್ಲಿ ಭತ್ತ ತೂರಲು ಕೆಳಗೆ ಗಾಳಿಯಿಲ್ಲ, ಮೇಲೆ ಚಕ್ರ ಮಾತ್ರ ತಿರುಗುತ್ತಲೇ ಇದೆ. ಚಕ್ರವೇ ಗಾಳಿ ನುಂಗುತ್ತಿದೆ ಎಂಬುದು ಕಣದವರ ಗುಮಾನಿ. ಬೋಲ್ಟ್ ಸಡಿಲಿಸಿದ್ದು ಪುಟ್ಟರಾಜುವೇ ಎಂಬುದು ಸಣ್ಣಸ್ವಾಮಿಯ ಗುಮಾನಿ. ಅನುಮಾನಕ್ಕೇನು, ಅದು ಏಣಿಯಿಲ್ಲದೆಯೂ ಹತ್ತುತ್ತದೆ. ಇಳಿದವರೇ ಸ್ಪ್ಯಾನರ್ ಹಿಡಿದು ಕಣಕ್ಕೆ ನಡೆಯುತ್ತಾರೆ.

"ನಮ್ಮಪ್ಪನಾಣೆ, ಆ ಏಣಿ ಮುಟ್ಟಿಲ್ಲ ಕಣಣ್ಣ," ಎನ್ನುತ್ತಾನೆ ಪುಟ್ಟರಾಜು.

ಅಲ್ಲೇ ಕೂಲಿಗೆ ತೂರುವ ನಿಂಗಮ್ಮ, ಸಣ್ಣಸ್ವಾಮಿಯ ಹೆಂಡತಿ, ಮೊರ ಕೆಳಗಿಡುತ್ತಾರೆ. "ಅವನನ್ಯಾಕೆ ಬಯ್ತೀಯ? ಹತ್ತಿದ್ದು ನಾನು. ತೂರದೆ ರಾಶಿ ಅಳೆಯಂಗಿಲ್ಲ, ಅಳೀದೆ ನಮಗೆ ಕೂಲಿ ಭತ್ತ ಇಲ್ಲ. ನಿನ್ ಚಕ್ರ ಒಂಚೂರು ಕಡ್ಮೆ ತಿನ್ಲಿ ಅಂತ."

ಆ ರೆಕ್ಕೆ ಬಿದ್ದಿದ್ದರೆ ಇವಳ ತಲೆಯ ಮೇಲೇ ಬೀಳುತ್ತಿತ್ತು ಎಂದು ನೆನೆದು ಸಣ್ಣಸ್ವಾಮಿ ಹೆದರುತ್ತಾರೆ. ಹೋಗಿ ಚಕ್ರವನ್ನು ಹಗ್ಗದಿಂದ ಬಿಗಿದು ನಿಲ್ಲಿಸುತ್ತಾರೆ. ಕಣದವರೆಲ್ಲ ಮೊರ ಎತ್ತಿ ಕಾಯುತ್ತಾರೆ. ಒಂದು ಹೊಟ್ಟೂ ಹಾರುವುದಿಲ್ಲ.

"ಇಷ್ಟು ದಿನ ತಿಂದಿದ್ದನ್ನ ಮೊದ್ಲು ಉಗುಳ್ಬೇಕಲ್ಲ ಅದು," ಎನ್ನುತ್ತಾರೆ ನಿಂಗಮ್ಮ, ಚಕ್ರವನ್ನೇ ದಿಟ್ಟಿಸುತ್ತ.

ಸಣ್ಣಸ್ವಾಮಿಗೆ ದೊಡ್ಡ ಆಸೆಯೇನೂ ಇಲ್ಲ. "ಊರು ಏನಾದ್ರೂ ಅನ್ಲಿ ಸ್ವಾಮಿ. ನೀನು ಗಾಳಿ ಕಳ್ಳ ಅಲ್ಲ ಅಂತ ಇವಳೊಬ್ಬಳು ಅಂದ್ರೆ ಸಾಕು. ಅಲ್ಲೀಗಂಟ ಏಣಿ ಬುಡದಲ್ಲೇ ಮಲಗ್ತೀನಿ."