ಹಳೇ ನಮೂನಿ ಅಂಕಿ, ಖಾನಾಪುರದ ಕುಬಸ

ನನ್ನ ಸೊಸಿ ಟಿಳಕವಾಡಿಯ ನಮ್ಮ ಮನಿಯಾಗ ಕುಂತು ದೂರದ ಒಂದು ವಿಮಾ ಕಂಪನಿಯ ಮೇನ್‌ಫ್ರೇಮಿಗೆ ಪ್ರೋಗ್ರಾಂ ಬರೀತಾಳ. ಮೇನ್‌ಫ್ರೇಮ್ ಅಂದ್ರ ಕಪಾಟಿನಷ್ಟು ದೊಡ್ಡ, ಹಳೇ ತಳಿಯ ಕಂಪ್ಯೂಟರ್. ಅದನ್ನ ಆಕಿನೂ ಕಣ್ಣಿಲೆ ನೋಡಿಲ್ಲ. ನಾ ಎರಡನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ನೋಡಿದ್ರೂ ಏನು ತಿಳೀತಿತ್ತು.

ಆವತ್ತು ಖಾನಾಪುರದಾಗ ಆಕಿ ತಂಗಿಯ ಕುಬಸ. ಚೊಚ್ಚಲ ಬಸುರಿ. ಹೆತ್ತವ್ವ ಇಲ್ಲ, ಹಿಂಗಾಗಿ ಮೊದಲ ಉಡಿ ಅಕ್ಕನ ಬಂದು ತುಂಬಬೇಕು, ಅಲ್ಲೀತನಕ ಆರತಿ ಎತ್ತಗೊಡೂದಿಲ್ಲ ಅಂತ ಹಟ ಹಿಡದಿದ್ಳು. ಹಸರ ಸೀರಿ, ಬಳಿ, ಹಣ್ಣು ಕಟ್ಟಿಕೊಂಡು ನಾ ಬಾಗಲದಾಗ ಕುಂತೆ. ಸೊಸಿ ಮೇಜು ಬಿಟ್ಟು ಏಳವಲ್ಲಳು. ಪ್ರೋಗ್ರಾಂ ಒಪ್ಪಿಸದ ಹೋಗೂ ಹಂಗಿಲ್ಲ, ಅದು ನೋಡಿದ್ರ ಹುಚ್ಚುಹುಚ್ಚು ಅಂಕಿ ಉಗುಳಾಕತ್ತಿತ್ತು.

"ಏನ್ ಧಾಡಿ ಆಗೇತಿ ಅದಕ್ಕ?"

"ಅತ್ಯಾರ, ದಶಾಂಶದ ಅಂಕಿ ಆ ಮಷೀನಿನ್ಯಾಗ ಎರಡು ನಮೂನಿ ಇಡಬಹುದು. ಹಳೇದು, ಅದರ ಸ್ವಂತದ್ದು. ಹೊಸಾದು, ಈಗಿನ ಎಲ್ಲಾ ಕಂಪ್ಯೂಟರಿಗೂ ತಿಳಿಯೂದು. ಬರದ ಪ್ರೋಗ್ರಾಂ ಮಷೀನಿನ ಭಾಷಾಕ್ಕ ತಿರುಗಿಸೋವಾಗ, ಕಂಪೈಲ್ ಅಂತೀವಲ್ಲ, ಆವಾಗ ಯಾವ್ದು ಅಂತ ಹೇಳಬೇಕು. ನಾ ಹೊಸಾದು ಅಂದೆ."

"ಹೊಸಾದು ಚಲೋ ಅಲ್ಲೇನು?"

"ಚಲೋನ ಐತ್ರಿ. ಆದ್ರ..." ಹಣಿ ಬಡಕೊಂಡ್ಳು. "ನನ್ನ ಪ್ರೋಗ್ರಾಂ ಅಂಕಿ ಓದೂ ಫೈಲ್ ಐತಲ್ಲ, ಅದನ್ನ ತುಂಬೂ ಪ್ರೋಗ್ರಾಂ ಹಳೇದು. ಅದು ಹಳೇ ನಮೂನಿಯಾಗ ಬರದಿಟ್ಟದ್ದನ್ನ ನಂದು ಹೊಸಾದು ಅಂತ ತಿಳದು ಓದಾಕತ್ತೈತಿ."

ನನಗ ನಗು ಬಂತು. ಮದುವಿ ಹೊಸದರಾಗ ಖಾನಾಪುರದ ಸಂತ್ಯಾಗ ನಾ ಸೇರಿನ ಲೆಕ್ಕದಾಗ "ನಾಕು ಹಾಕು" ಅಂದ್ರ, ಅಕ್ಕಿಯಾಂವ ಪಾಯಲಿಲೆ ನಾಕು ಅಳದು ಸುರದಿದ್ದ. ಒಂದು ಪಾಯಲಿಗೆ ನಾಕು ಸೇರು. ಹೊತ್ತು ಹೊತ್ತು ಕುತ್ತಿಗಿ ಹೋಗಿತ್ತು. ಹೇಳಿದ್ರ ಸೊಸಿ, "ಹಂಗ ಅಂತ ತಿಳೀರಿ, ಈಗ ಸುಮ್ಕಿರ್ರಿ" ಅಂದು ಪುಣೆದಾಗಿನ ಸಾಹೇಬಗ ಫೋನ್ ಹಚ್ಚಿ ಮರಾಠಿಯಾಗ ಸುರು ಮಾಡಿದ್ಳು. ಅಂವಗ ಎಲ್ಲಾ ಹೊಸಾದ ಆಗಬೇಕು.

"ಸರ್, ಇದರ ಹಿಂದಿನ ಮುಂದಿನ ಪ್ರೋಗ್ರಾಂ ಎಲ್ಲಾ ಹಳೇ ನಮೂನಿಯಾಗ ಅದಾವ. ನಡುವ ಒಂದ ಬದಲಿಸಿದ್ರ ಎಲ್ಲಾ ಕೆಡತೈತಿ. ಇದನ್ನೂ ಹಳೇದರಾಗ ಇಡ್ತೇನಿ. ಹೊರಗ ಕಳಸೂ ಕಡೀ ಪ್ರೋಗ್ರಾಂ ಅಷ್ಟ ಹೊಸಾದಕ್ಕ ತಿರುಗಿಸಲಿ."

ಅಂವ ತಾಸುಗಟ್ಟಲೆ ವಿಚಾರ ಮಾಡೂ ಪೈಕಿ. ನಾ ಹಿಂದಿಂದ ಅಂದೆ, "ಲಗೂ ಹೂಂ ಅನ್ನಾಕ ಹೇಳ ಅವಗ, ಅಲ್ಲಿ ಬಸುರಿ ಕಾಯಾಕತ್ತಾಳ."

ಅಂವಗ ಕನ್ನಡ ಬರತೈತಿ ಅಂತ ನನಗೇನು ಗೊತ್ತು. ನಕ್ಕ, ಹೂಂ ಅಂದ.

ಹಳೇದು ಅಂತ ಹೇಳಿ ಮತ್ತ ಕಂಪೈಲ್ ಮಾಡಿದ್ಳು. ಅಂಕಿ ನೆಟ್ಟಗ ಬಂದ್ವು, ಒಪ್ಪಿಸಿ ಎದ್ಳು. ಸೊಸಿ ತಲಿ ಹಿಕ್ಕೊಂಡದ್ದು ಬಸ್ಸಿನ್ಯಾಗ.

ಖಾನಾಪುರದಾಗ ಹೆಣ್ಣಮಕ್ಕಳು ಆರತಿ ತಾಟು ಹಿಡದು ಮಾರಿ ಗಂಟ ಹಾಕ್ಕೊಂಡು ಕುಂತಿದ್ರು. ಬಸುರಿ ಕುರ್ಚಿ ಮ್ಯಾಲಿಂದನ ಕೇಳಿದ್ಳು, "ಏನಕ್ಕಾ, ನಿನ್ನ ಮಷೀನಿಗೆ ಹೆರಿಗಿ ಆತೇನು?"

"ಆತು. ಕೂಸು ಹಳೇ ನಮೂನಿದ ಹುಟ್ಟೇತಿ" ಅಂತ ಸೊಸಿ ಆಕಿ ಉಡಿ ತುಂಬಿದ್ಳು. ಆಮ್ಯಾಲ ಊಟಕ್ಕ ಕುಂತ್ವಿ. ಸೊಸಿ ಹೋಳಿಗಿ ಮ್ಯಾಲ ಹೋಳಿಗಿ ತಿಂದ್ಳು. ನಾನೂ ಕಡಿಮಿ ತಿನ್ನಲಿಲ್ಲ.