ಮಿಲಿಂದಣ್ಣನ ಮುಖಕ್ಕೆ ಮದುಮಗನ ಕಣ್ಣು

ಕ್ಷಮಿಸಿ...
ಇದನ್ನು ಬರೆಯಲು ನೀನು ಯಾರು ಅಂತ ಕೇಳಬಹುದು. ಡಿಗ್ರಿ ಫಸ್ಟ್ ಇಯರ್, ಅಷ್ಟೇ.
ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲ ಡಿಲೀಟ್ ಮಾಡಿದೆ.
ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ.

ಮಿಲಿಂದಣ್ಣ ಇಲ್ಲವಂತೆ...
ಹಲಬರ್ಗಾದವರು, ಭಾಲ್ಕಿಯಲ್ಲಿ ಸ್ಟುಡಿಯೋ ಇಟ್ಟಿದ್ದ ನಮ್ಮ ಮಿಲಿಂದಣ್ಣ.
ಬೆಳಿಗ್ಗೆ ಹಾರ್ಟ್ ಅಟ್ಯಾಕ್ ಅಂದರು... ಫೇಕ್ ಮೆಸೇಜ್ ಅಂದುಕೊಂಡೆ.
ಮೊನ್ನೆಯಷ್ಟೇ ನನ್ನ ಸ್ಟೋರಿ ನೋಡಿ, ಫೋಟೋ ಡೊಂಕಾಗಿದೆ ಅಂತ ಬೈದಿದ್ದರು.

ನಮ್ಮ ಹಾಸ್ಟೆಲಿಗೆ ಹಾಲ್ ಟಿಕೆಟ್ ಫೋಟೋ ತೆಗೆಯಲು ಅವರೇ ಬರುತ್ತಿದ್ದರು.
ಸ್ವಲ್ಪ ಬೆಳ್ಳಗೆ ಮಾಡಿ ಅಂತ ನಾವೆಲ್ಲ ಗಂಟು ಬೀಳುತ್ತಿದ್ದೆವು.
"ಬೆಳ್ಳಗ ಮಾಡಿದ್ರ ಪರೀಕ್ಷಾ ಯಾರು ಬರೀಬೇಕವ್ವ, ನೀನಾ, ಫೋಟೋದಾಗಿನ ಅಕಿನಾ?" ಅನ್ನುತ್ತಿದ್ದರು.
ಭಾನುವಾರ ಕ್ಯಾಮೆರಾ ನಮ್ಮ ಕೈಗೆ ಕೊಟ್ಟು, ಒಂದೇ ಬಾಗಿಲನ್ನು ಒಂದು ತಾಸು ನೋಡಿಸುತ್ತಿದ್ದರು. ಬಟನ್ ಒತ್ತುವಂತಿಲ್ಲ. ಮೊದಲು ಬೆಳಕು ನೋಡಬೇಕು...

ಈಗ ಅವರೇ ನನ್ನನ್ನೂ ಸೇರಿಸಿದ್ದ ಫೋಟೋಗ್ರಾಫರ್‌ಗಳ ವಾಟ್ಸಾಪ್ ಗ್ರೂಪ್ ತುಂಬ "ಲೆಜೆಂಡ್", "ಮಹಾನ್ ಕಲಾವಿದ".
ಯಾರು ಹಾಕುತ್ತಿರುವುದು? ಬೀದರ್ ಕೋಟೆ ಮುಂದೆ ಬಣ್ಣದ ಹೊಗೆ ಬಿಟ್ಟು, ಪ್ರೀ-ವೆಡ್ಡಿಂಗ್ ತೆಗೆದು, ಅದನ್ನೇ ಆರ್ಟ್ ಅನ್ನುವ ಮಹಾನುಭಾವರು.
ಮಿಲಿಂದಣ್ಣ ಗೋಡೆಯ ಮೇಲಿನ ನೆರಳು ತೆಗೆದರೆ "ಗ್ವಾಡಿ ಫೋಟೋಗ್ರಾಫರ್" ಅಂತ ನಕ್ಕವರು ಇವರೇ.

ನಗಲಿ ಬಿಡಿ.
ಇವತ್ತು ಇವರು ಮಾಡಿದ್ದು ನೋಡಿ.

ನಾಳಿನ ಶ್ರದ್ಧಾಂಜಲಿ ಸಭೆಗೆ ಫ್ಲೆಕ್ಸ್ ಬೇಕು. ಅದೇ ಫೋಟೋ ಫ್ರೇಮ್ ಆಗಿ ಅವರ ಮನೆಗೂ ಹೋಗುತ್ತದೆ.
ಗ್ರೂಪಿನಲ್ಲಿ ಇಷ್ಟು ಜನ, ಇಷ್ಟು ಲೆನ್ಸು... ಒಬ್ಬರ ಹತ್ತಿರವೂ ಅವರ ಒಂದು ಫೋಟೋ ಇಲ್ಲ.
ಆಧಾರ್ ಕಾರ್ಡಿನದನ್ನು ಅವರ ಹೆಂಡತಿ ಸುನಿತಕ್ಕನೇ ಗುರುತಿಸಲಿಲ್ಲ.
ಅವರಿಬ್ಬರ ಮದುವೆ ಆಲ್ಬಮ್ ಮಾಡಿದ್ದು ಇದೇ ಗ್ರೂಪಿನ ಅಡ್ಮಿನ್, ಆವತ್ತೇ ಮುಖಗಳನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿಟ್ಟಿದ್ದಾರೆ.
ಹಾಗಾಗಿ ಬೆಳಿಗ್ಗೆ ಮಲಗಿಸಿದ್ದ ದೇಹದ ಫೋಟೋ ತೆಗೆದು, ಫೋಟೋಶಾಪಿನಲ್ಲಿ ಕಣ್ಣು ತೆರೆಸಿದ್ದಾರೆ.

ಹೆದರುತ್ತಲೇ ಅಡ್ಮಿನ್‌ಗೆ ಫೋನ್ ಮಾಡಿದೆ. ಆ ಕಣ್ಣು ಅವರದಲ್ಲ ಅಂದೆ.
"ಒಂದು ಮದುಮಗನ ಕಣ್ಣು ಹಚ್ಚೇನವ್ವ, ಫುಲ್ ಎಚ್‌ಡಿ ಅದ. ಕಣ್ಣು ಕಣ್ಣೇ ಅಲ್ಲೇನು?"

ಇವರು ಫೋಟೋಗ್ರಾಫರ್!
ಇಪ್ಪತ್ತು ವರ್ಷ ಜನರ ಮುಖ ನೋಡಿಯೇ ಅನ್ನ ಉಂಡವರು.

ಮಿಲಿಂದಣ್ಣ...
ನಿಮ್ಮ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಕ್ಯಾಮೆರಾ ಕೆಳಗಿಟ್ಟ ಮೇಲೂ...
ಅದೂ ಕಾಣಲಿಲ್ಲವಲ್ಲ ಇವರಿಗೆ.

ಸಂತಪುರದಲ್ಲಿ ನಮ್ಮ ಅಜ್ಜಿ ತೀರಿಕೊಂಡಾಗ ನಾನೇ ನಿಮ್ಮನ್ನು ಕರೆಸಿದ್ದೆ. ಅಜ್ಜಿಯದೂ ಒಂದು ಫೋಟೋ ಇರಲಿಲ್ಲ.
ನೀವು ತೆಗೆದ ಫೋಟೋದಲ್ಲಿ ಕಣ್ಣು ತೆರೆಸಿ ಕೊಡಿ ಅಂತ ಅಪ್ಪ ಪಟ್ಟು ಹಿಡಿದರು.
"ತೆರಸಬಹುದ್ರಿ ಕಾಕಾ... ಯಾರ ಕಣ್ಣು ಹಚ್ಚಲಿ, ಹೇಳ್ರಿ?"
ಅಪ್ಪನಿಗೆ ಸಿಟ್ಟು ಬಂತು. ಔರಾದಿನ ಇನ್ನೊಂದು ಸ್ಟುಡಿಯೋದಲ್ಲಿ ತೆರೆಸಿಕೊಂಡು ಬಂದರು.
ಇವತ್ತಿಗೂ ನಮ್ಮ ಮನೆ ಗೋಡೆಯಲ್ಲಿ, ಅಜ್ಜಿಯ ಮುಖದೊಳಗಿಂದ ಬೇರೆ ಯಾರೋ ನೋಡುತ್ತಾರೆ.
ನನಗೆ ಈಗ ಅಜ್ಜಿಯ ನಿಜವಾದ ಕಣ್ಣು ನೆನಪಿಗೆ ಬರುವುದಿಲ್ಲ ಅಣ್ಣ... ಈ ಕಣ್ಣೇ ಬರುತ್ತದೆ.

ನಿಮ್ಮ ಮಗಳಿಗೆ ಇನ್ನೂ ಎರಡು ವರ್ಷ.
ಅಪ್ಪ ಅಂತ ಅವಳು ನೋಡುತ್ತ ಬೆಳೆಯುವುದು ಆ ಫ್ರೇಮನ್ನೇ.

ಸುನಿತಕ್ಕನಿಗೆ ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ. ಇಂಥ ದಿನ ಇದನ್ನು ಹೇಗೆ ಹೇಳುವುದು...
ಆದರೂ ಹೇಳಿದೆ. ಅವರು ಇಷ್ಟೇ ಅಂದರು.
"ಸಣ್ಣದಿದ್ರೂ ನಡೀತದ, ಮಸಕಿದ್ರೂ ನಡೀತದ. ಅವರದ ಇರಬೇಕು ನೋಡವ್ವ."

ಲೆಜೆಂಡ್ ಅಂತ ಸ್ಟೇಟಸ್ ಹಾಕಿದವರೇ, ಕ್ಯಾಂಡಲ್ ಇಮೋಜಿ ಸಾಕು. ನಿಮ್ಮ ಗ್ಯಾಲರಿ ಹುಡುಕಿ.
ಚಹಾ ಕುಡಿಯುವಾಗ, ಯಾರದೋ ಮದುವೆಯಲ್ಲಿ, ಗ್ರೂಪ್ ಫೋಟೋದ ಮೂಲೆಯಲ್ಲಿ... ಎಲ್ಲಾದರೂ ಇರುತ್ತಾರೆ.
ಎಡಿಟ್ ಮಾತ್ರ ಮಾಡಬೇಡಿ. ದಯವಿಟ್ಟು ನಿಮ್ಮ ಕಲೆ ತೋರಿಸಬೇಡಿ.

ಹೋಗಿ ಬನ್ನಿ ಮಿಲಿಂದಣ್ಣ...
ನೆಮ್ಮದಿಯಾಗಿ ಮಲಗಿ. ಯಾರೂ ನಿಮ್ಮ ಕಣ್ಣು ತೆರೆಸದಿರಲಿ.

ಸಂಜೆ ಐದಕ್ಕೆ ಫೈಲ್ ಪ್ರಿಂಟಿಗೆ ಹೋಗುತ್ತದೆ. ಫೋಟೋ ಇದ್ದವರು ಇನ್‌ಬಾಕ್ಸಿಗೆ ಕಳಿಸಿ. ಇಲ್ಲದಿದ್ದರೆ ಇಲ್ಲ ಅಂತಲಾದರೂ ಹೇಳಿ.
ಪ್ಲೀಸ್, ಬೇಗ ರಿಪ್ಲೈ ಮಾಡಿ.