ಲಿಸ್ಬೆಟ್ ಕುದುರೆಯ ಗ್ರಂಥಿ, ಟೋವೆಯ ಮೊದಲ ಕೇಕು

ಈ ಸಂಗತಿಯಲ್ಲಿ ಒಂದೇ ಒಂದು ಸುಳ್ಳಿದ್ದರೂ ಹೇಳಿದವನ ನಾಲಿಗೆಯನ್ನು ಟೋವೆ ತನ್ನ ಯಂತ್ರಕ್ಕೆ ಕೊಡಲಿ. ಒಂದು ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತು ಹೋಳು ತೆಗೆಯುವವಳು ಅವಳು. ಕೂದಲಿಗೆ ಗೊತ್ತೂ ಆಗುವುದಿಲ್ಲ.

ನವೆಂಬರಿನ ಬೆಳಗ್ಗೆ ಏಳು ಗಂಟೆ. ಆರ್ಹುಸ್ ಊರಿಗೆ ಬೆಳಕು ಬರಲು ಇನ್ನೂ ಮನಸ್ಸಿಲ್ಲ. ಪಶುರೋಗ ಪರೀಕ್ಷಾಲಯದ ನೆಲಮಾಳಿಗೆಯಲ್ಲಿ ಟೋವೆ ರಾವ್ನ್‌ಹೋಲ್ಟ್ ಮೇಣದ ಅಚ್ಚುಗಳನ್ನು ಮಂಜುಗಡ್ಡೆಯ ಮೇಲೆ ಜೋಡಿಸುತ್ತಿದ್ದಾಳೆ. ಒಂದೊಂದು ಅಚ್ಚಿನೊಳಗೂ ಸತ್ತ ಯಾವುದೋ ಪ್ರಾಣಿಯ ಒಂದು ಚೂರು. ಯಂತ್ರದ ಹಿಡಿ ತಿರುಗಿಸಿದರೆ ಚೂರಿಯ ಬಾಯಿಂದ ಮೇಣದ ಪಟ್ಟಿ ರಿಬ್ಬನ್ನಿನಂತೆ ಇಳಿಯುತ್ತದೆ. ಅದನ್ನು ಬಿಸಿನೀರಿನ ಮೇಲೆ ತೇಲಿಸಿ ಗಾಜಿನ ಮೇಲೆ ಎತ್ತಿಕೊಳ್ಳುವಷ್ಟು ಹೊತ್ತು ಅವಳು ಉಸಿರು ಬಿಡುವುದಿಲ್ಲ.

"ಸೀನಿದ್ರೆ ಮುಗೀತು. ಅರ್ಧ ಹಂದಿ ಗೋಡೆಗೆ ಅಂಟ್ಕೊಂಡಿರುತ್ತೆ," ಎನ್ನುತ್ತಾಳೆ.

ದಿನಕ್ಕೆ ನೂರೆಂಬತ್ತು ಗಾಜು. ಮೂವತ್ತೆಂಟು ವರ್ಷ. ಕುತ್ತಿಗೆ ಎಡಕ್ಕೆ ತಿರುಗುವುದನ್ನು ಬಿಟ್ಟು ಆರು ವರ್ಷವಾಯಿತು. ಆ ಗಾಜು ನೋಡಿ ಬರೆದ ವರದಿಯ ಕೆಳಗೆ ವೈದ್ಯೆ ಸಿಗ್ನೆಯ ಸಹಿ ಇರುತ್ತದೆ. ಟೋವೆಯ ಹೆಸರು ಎಲ್ಲಿಯೂ ಇಲ್ಲ.

ಅವಳಿಗೆ ಅಚ್ಚುಮೆಚ್ಚು ಪಿಟ್ಯುಟರಿ ಗ್ರಂಥಿ. ಮಿದುಳಿನ ಅಡಿಯಲ್ಲಿ ಮೂಳೆಯ ಬಟ್ಟಲಿನೊಳಗೆ ನೇತಾಡುವ ಕಾಯಿ. ಕುದುರೆಯದ್ದಾದರೆ ಸಣ್ಣ ನೆಲ್ಲಿಕಾಯಿಯಷ್ಟು. ಬಣ್ಣದಲ್ಲಿ ಅದ್ದಿ ತೆಗೆದರೆ ಅದರ ಮುಂದಿನ ಹಾಲೆಯಲ್ಲಿ ಮೂರು ಬಗೆಯ ಜೀವಕೋಶಗಳು ಕಾಣುತ್ತವೆ.

"ಕೆಂಪು ಹಿಡಿಯೋವು ಮೈ ಬೆಳೆಸ್ತವೆ, ಹಾಲಿಳಿಸ್ತವೆ. ನೀಲಿ ಹಿಡಿಯೋವು ಬೇರೆ ಗ್ರಂಥಿಗಳಿಗೆ ಅಪ್ಪಣೆ ಕೊಡ್ತವೆ. ಇನ್ನು ಕೆಲವು ಯಾವ ಬಣ್ಣನೂ ಕುಡಿಯಲ್ಲ, ಬಿಳಿಚ್ಕೊಂಡು ಮೂಲೇಲಿರ್ತವೆ. ನಾನು ಆ ಪೈಕಿ."

ಆ ನಾಡಿನಲ್ಲಿ ಕೆಲಸದ ಜಾಗಗಳಿಗೆ ಒಂದು ಕಟ್ಟಳೆ: ಎಡವಟ್ಟು ಮಾಡಿದವರು ಎಲ್ಲರಿಗೂ ಕೇಕು ತರಬೇಕು. ಜೊತೆಗಾರ ಪ್ರೆಬೆನ್ ತಂದ ಕೇಕುಗಳ ಲೆಕ್ಕದಲ್ಲಿ ಬೇಕರಿಯವನು ಮನೆಗೆ ಎರಡನೇ ಮಹಡಿ ಎಬ್ಬಿಸಿದ್ದಾನೆ. ಟೋವೆ ಮಾತ್ರ ಒಂದನ್ನೂ ತಂದವಳಲ್ಲ. ಕ್ರಿಸ್‌ಮಸ್‌ಗೆ ನಿವೃತ್ತಿ. "ಬೀಳ್ಕೊಡುಗೆ ದಿನವಾದ್ರೂ ಒಂದು ತಪ್ಪು ಮಾಡು, ನಾನು ಸಾಯೋದ್ರೊಳಗೆ ನಿನ್ ಕೇಕು ತಿನ್ನಬೇಕು," ಎಂದು ಪ್ರೆಬೆನ್ ಕೆಣಕುತ್ತಲೇ ಇರುತ್ತಾನೆ.

ಅಕ್ಟೋಬರಿನಲ್ಲಿ ಪಡುವಣ ಕರಾವಳಿಯ ಐನರ್ ಎಂಬ ಮುದುಕನ ಕುದುರೆ ಲಿಸ್ಬೆಟ್‌ನ ಗ್ರಂಥಿ ಬರುತ್ತದೆ. ಗೊರಸಿನ ಉರಿ ತಾಳಲಾರದೆ ನೆಲ ಹಿಡಿದಿದ್ದ ಅದಕ್ಕೆ ಸೂಜಿಮದ್ದು ಕೊಟ್ಟು ಸಾಯಿಸಿದ್ದಾರೆ. ನೆರೆಯವರ ದೂರು, ಐನರ್ ದಿನವೂ ಸೇಬು ತಿನ್ನಿಸಿ ತಿನ್ನಿಸಿಯೇ ಕಾಲು ಕೆಡಿಸಿದ ಎಂದು. ಗ್ರಂಥಿ ಕೆಟ್ಟಿದ್ದರೂ ಗೊರಸು ಹಾಗೆಯೇ ಉರಿಯುತ್ತದೆ. ಸೇಬೋ ಗ್ರಂಥಿಯೋ ಎಂದಷ್ಟೇ ಐನರ್‌ನ ಪ್ರಶ್ನೆ. ಗ್ರಂಥಿಯಲ್ಲಿ ದೋಷವಿಲ್ಲ ಎಂದು ಸಿಗ್ನೆಯ ವರದಿ ಹೋಗುತ್ತದೆ.

ಮೂರು ವಾರಕ್ಕೆ ಒಂದು ಕಾರ್ಡು ಬರುತ್ತದೆ. "ಹಾಗಾದರೆ ನನ್ನ ಸೇಬೇ. ನಿಜ ಹೇಳಿದ್ದಕ್ಕೆ ವಂದನೆ. ಐನರ್."

ಕಾರ್ಡನ್ನು ಕಡತಕ್ಕೆ ಸೇರಿಸಲು ಹೋದ ಟೋವೆಗೆ ಯಾಕೋ ಕಸಿವಿಸಿ. ಆ ಗಾಜನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಡುತ್ತಾಳೆ. ಕೆಂಪು, ನೀಲಿ, ಬಿಳಿಚು. ಅಷ್ಟೇ. ಕುದುರೆಯ ಗ್ರಂಥಿ ಈರುಳ್ಳಿಯ ಹಾಗೆ: ಹೊರಗೆ ಮುಂದಿನ ಹಾಲೆ, ಅದರೊಳಗೆ ನಡುವಿನ ಹಾಲೆ, ತೀರ ಒಳಗೆ ಬಿಚ್ಚಿದ ಉಣ್ಣೆಯಂಥ ನರದ ಹಾಲೆ. ರೋಗ ಕೂರುವುದು ನಡುವಿನದರಲ್ಲಿ. ಈ ಗಾಜಿನಲ್ಲಿ ನಡುವೇ ಇಲ್ಲ.

ಸೀಳಿದ ಗ್ರಂಥಿಯನ್ನು ಮೇಣಕ್ಕಿಡುವಾಗ ಸೀಳಿದ ಮುಖ ಅಡಿಗಿರಬೇಕು. ಗಟ್ಟಿಯಾದ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿದಾಗ ಆ ಅಡಿಯೇ ಚೂರಿಗೆ ಎದುರಾಗುತ್ತದೆ, ಚೂರಿ ಒಳಗನ್ನು ಮೊದಲು ಮುಟ್ಟುತ್ತದೆ. ಅವಳು ಮೇಲ್ಮುಖ ಮಾಡಿ ಇಟ್ಟಿದ್ದಾಳೆ. ಚೂರಿ ಬರೀ ಸಿಪ್ಪೆ ತೆಗೆದಿದೆ. ಟೋವೆ ಕೊಟ್ಟ ಗಾಜನ್ನು ಅನುಮಾನದಿಂದ ನೋಡುವ ರೂಢಿ ಸಿಗ್ನೆಗೂ ಇರಲಿಲ್ಲ. ಎಡಗಣ್ಣಿಗೆ ಪೊರೆ ಬಂದದ್ದನ್ನು ಟೋವೆ ಒಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಅಚ್ಚು ಕರಗಿಸಿ, ಮಗುಚಿ ಇಟ್ಟು, ಮತ್ತೆ ಕೊರೆಯುತ್ತಾಳೆ. ಈಗ ನಡುವಿನ ಹಾಲೆ ಉಬ್ಬಿ ನರದ ಹಾಲೆಯನ್ನು ಒತ್ತಿ ಹಿಡಿದದ್ದು ಕಾಣುತ್ತದೆ. ಅದರಲ್ಲೊಂದು ರಾಗಿಕಾಳಿನಷ್ಟು ಗಂಟು. ಸೇಬಿನ ಮೇಲೆ ಹೊರಿಸಿದ ತಪ್ಪು ಈ ಗಂಟಿನದು.

ತಿದ್ದಿದ ವರದಿಯನ್ನು ತಾನೇ ಕಳಿಸುತ್ತೇನೆ ಎಂದು ಸಿಗ್ನೆ ಹೇಳಿದರೂ ಕೇಳದೆ ಟೋವೆಯೇ ಫೋನು ಹಚ್ಚುತ್ತಾಳೆ. ಕಣ್ಣಿನ ಮಾತನ್ನೂ ಮುಚ್ಚಿಡುವುದಿಲ್ಲ.

"ಅದರ ಮರಿ ಇತ್ತು," ಎನ್ನುತ್ತಾನೆ ಐನರ್. "ಕುದುರೆ ಸಾಕೋ ಯೋಗ್ಯತೆ ನಂಗಿಲ್ಲ ಅಂದ್ಕೊಂಡು ಕೊಟ್ಬಿಟ್ಟೆ. ಜರ್ಮನಿಗೆ ಹೋಯ್ತು. ಬೇಲಿನೂ ಕಿತ್ತೆ. ನೀನು ಹೇಳಿದ್ದು ಒಳ್ಳೇದಾಯ್ತು. ಸೇಬಿನ ಮರ ಕಡಿಯೋಣ ಅಂತಿದ್ದೆ. ಇನ್ನು ಕಡಿಯಲ್ಲ."

ಶುಕ್ರವಾರ ಒಂಬತ್ತೂವರೆಯ ಕಾಫಿಗೆ ಟೋವೆ ಸೇಬಿನ ಕೇಕು ತರುತ್ತಾಳೆ. ಮೂವತ್ತೆಂಟು ವರ್ಷ ಕಾದ ಪ್ರೆಬೆನ್ ಒಂದು ಚೂರು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗುತ್ತಾನೆ. ಯಾರೂ ಎರಡನೇ ಚೂರು ಕೇಳುವುದಿಲ್ಲ.

ಬೀಳ್ಕೊಡುಗೆಗೆ ಏನು ಬೇಕೆಂದರೆ ಟೋವೆಗೆ ಹೂವು ಬೇಡ. ಇನ್ನು ಮೇಲೆ ಪ್ರತಿ ಗ್ರಂಥಿಯ ಬೆನ್ನಿಗೆ, ಸಿಪ್ಪೆಯ ಕಡೆಗೆ, ಒಂದು ಚುಕ್ಕೆ ಮಸಿ ಹಚ್ಚಬೇಕಂತೆ. "ಚೂರಿ ಕೆಳಗೆ ಮಸಿ ಕಂಡ್ರೆ ನಿಲ್ಲಿಸಿ, ಮಗುಚಿಡಿ. ನನ್ ಹೆಸ್ರು ಬೇಡ. ಮಸಿ ಇರ್ಲಿ."

ಕಥೆ ಕೇಳಿದಿರಲ್ಲ, ಈಗ ನಿಮ್ಮ ಸರದಿ. ಮೇಲ್ಮುಖ ಮಾಡಿಟ್ಟು ಯಾರಿಗೂ ಹೇಳದೆ ಉಳಿಸಿಕೊಂಡ ತಪ್ಪು ನಿಮ್ಮ ಹತ್ತಿರವೂ ಒಂದಾದರೂ ಇದ್ದೇ ಇರುತ್ತದೆ. ಶುಕ್ರವಾರ ಒಂಬತ್ತೂವರೆಗೆ ಕೇಕು ತನ್ನಿ. ಸೇಬಿನದು ಬೇಡ, ಅದು ಆಗಿದೆ.